ಎಚ್‌ಐವಿ ಬಾರದಂತೆ ತಡೆಯುವ ಮಾತ್ರೆ ಇದೆಯಂತೆ, ನಾನು ತಗೋಬಹುದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 24 ವರ್ಷ. ಊರು ದಾವಣಗೆರೆ ಹತ್ತಿರ, ಕೆಲಸ ಬೆಂಗಳೂರಿನಲ್ಲಿ, ಇರುವುದು ಪಿಜಿಯಲ್ಲಿ. ನಾನು ಗೇ. ಆ್ಯಪ್‌ನಲ್ಲಿ ಪರಿಚಯವಾದವರನ್ನು ತಿಂಗಳಿಗೆ ಒಂದೆರಡು ಸಲ ಭೇಟಿಯಾಗುತ್ತೇನೆ. ಕಾಂಡೋಮ್ ಬಳಸುತ್ತೇನೆ, ಆದರೆ ಪ್ರತಿ ಸಲ ಅಲ್ಲ. ಈಚೆಗೆ ಒಬ್ಬರು ‘ನಾನು ಪ್ರೆಪ್ ತಗೋತೀನಿ, ನನಗೆ ಎಚ್‌ಐವಿ ಭಯ ಇಲ್ಲ’ ಅಂದರು. ಅಂಥದ್ದೊಂದು ಮಾತ್ರೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಿಜವಾ? ಕಾಯಿಲೆಯೇ ಇಲ್ಲದ ನಾನು ದಿನಾ ಮಾತ್ರೆ ನುಂಗಿದರೆ ಕಿಡ್ನಿ ಹಾಳಾಗುವುದಿಲ್ಲವಾ? ಜೀವನಪೂರ್ತಿ ತಗೋಬೇಕಾ? ಹತ್ತಿರದ ಒಬ್ಬ ಡಾಕ್ಟರನ್ನು ಕೇಳಿದೆ. ‘ನಿನಗ್ಯಾಕೆ ಇದೆಲ್ಲ, ಸರಿಯಾಗಿ ಇರು’ ಅಂದು ಕಳಿಸಿದರು. ರೂಮ್‌ಮೇಟ್ ಡಬ್ಬಿ ನೋಡಿದರೆ ಏನಂದುಕೊಳ್ಳುತ್ತಾನೋ ಅನ್ನೋ ಚಿಂತೆಯೂ ಇದೆ. ಹುಬ್ಬಳ್ಳಿಯಲ್ಲಿರುವ ನನ್ನ ಗೆಳತಿ ಟ್ರಾನ್ಸ್‌ಜೆಂಡರ್. ಅವಳಿಗೂ ಇದು ಆಗುತ್ತದಾ?

ಉತ್ತರ: ನಿಜ. ಅಂಥ ಮಾತ್ರೆ ಇದೆ, ಕೆಲಸ ಮಾಡುತ್ತದೆ, ನಮ್ಮ ದೇಶದಲ್ಲೇ ತಯಾರಾಗುತ್ತದೆ, ಬೆಂಗಳೂರಿನಲ್ಲಿ ಸಿಗುತ್ತದೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮಂಥವರಿಗೆ ಇದನ್ನು ಧೈರ್ಯವಾಗಿ ಹೇಳಬಹುದು. ಒಂದೇ ಷರತ್ತು: ಮೊದಲು ಎಚ್‌ಐವಿ ಪರೀಕ್ಷೆ ಮಾಡಿಸಿ, ಆಮೇಲೆ ಮಾತ್ರೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಆ ಡಾಕ್ಟರ್ ನಿಮಗೆ ಹಾಗೆ ಹೇಳಬಾರದಿತ್ತು. ಪ್ರೆಪ್ ಯಾರಿಗೆ ಬೇಕು ಅನ್ನೋದು ಮನುಷ್ಯ ಒಳ್ಳೆಯವನಾ ಕೆಟ್ಟವನಾ ಅನ್ನೋದರ ಮೇಲೆ ನಿಂತಿಲ್ಲ. ಈ ಆರು ತಿಂಗಳಲ್ಲಿ ಕಾಂಡೋಮ್ ಇಲ್ಲದೆ ಸೆಕ್ಸ್ ಆಗಿದೆಯಾ, ಸಂಗಾತಿಯ ಎಚ್‌ಐವಿ ಸ್ಥಿತಿ ಗೊತ್ತಿಲ್ಲವಾ, ಸಿಫಿಲಿಸ್ ಅಥವಾ ಗೊನೊರಿಯಾ ಬಂದಿತ್ತಾ, ಸಿರಿಂಜ್ ಹಂಚಿಕೊಂಡಿದ್ದೀರಾ? ನಾವು ಕೇಳುವುದು ಇಷ್ಟೇ. ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಮಾತಾಡುವ ಅಗತ್ಯ ಇದೆ. ಈ ಪ್ರಶ್ನೆಗಳು ಹುಡುಗಿಯರಿಗೂ ಸೇರುತ್ತವೆ, ಮದುವೆಯಾದವರಿಗೂ ಸೇರುತ್ತವೆ. ಬದುಕಿನಲ್ಲಿ ಅಪಾಯ ಜಾಸ್ತಿ ಇರುವ ಕಾಲ ಅಂತ ಇರುತ್ತದೆ. ಮಾತ್ರೆ ಬೇಕಾಗಿರುವುದು ಆ ಕಾಲಕ್ಕೆ. ಆದ್ದರಿಂದ ಜೀವನಪೂರ್ತಿ ಅನ್ನೋ ಮಾತೇ ಇಲ್ಲ. ಒಬ್ಬರೊಂದಿಗೇ ನೆಲೆ ನಿಂತಿರಿ, ಇಬ್ಬರೂ ಪರೀಕ್ಷೆ ಮಾಡಿಸಿಕೊಂಡಿರಿ ಅಂದರೆ ನಿಲ್ಲಿಸಬಹುದು. ಆಮೇಲೆ ಬೇಕಾದರೆ ಮತ್ತೆ ಶುರು ಮಾಡಬಹುದು.

ಈಗ ಮಾತ್ರೆಯ ವಿಷಯ. ಇದರಲ್ಲಿ ಎರಡು ಔಷಧಿ ಇವೆ: ಟೆನೊಫೊವಿರ್ 300 ಮಿಲಿಗ್ರಾಂ, ಎಮ್‌ಟ್ರಿಸಿಟಾಬಿನ್ 200 ಮಿಲಿಗ್ರಾಂ. ಎರಡೂ ಎಚ್‌ಐವಿ ಇರುವವರ ಚಿಕಿತ್ಸೆಯಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿರುವ ಔಷಧಿಗಳೇ. ಸೋಂಕು ಇಲ್ಲದವರು ಮುಂಚೆಯೇ ತೆಗೆದುಕೊಂಡರೆ ಸೋಂಕು ತಡೆಯಬಹುದು ಅಂತ ಅಮೆರಿಕ 2012ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಅಪಾಯ ಇರುವ ಎಲ್ಲರಿಗೂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು.

ಎಚ್‌ಐವಿ ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಸಿಡಿ4 ಕಣದೊಳಗೆ ಹೊಕ್ಕ ಮೇಲೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲು ಮಾಡಿಕೊಳ್ಳಬೇಕು. ಒಂದೊಂದೇ ತುಣುಕು ಜೋಡಿಸುತ್ತಾ ಹೋಗುತ್ತದೆ. ಟೆನೊಫೊವಿರ್ ಆ ತುಣುಕಿನ ಹಾಗೇ ಕಾಣುತ್ತದೆ, ಆದರೆ ಅದು ಹಿಂಬದಿಯಲ್ಲಿ ಕೊಂಡಿಯೇ ಇಲ್ಲದ ರೈಲು ಬೋಗಿ ಇದ್ದ ಹಾಗೆ. ಅದು ಸೇರಿತು ಅಂದರೆ ಮುಂದಿನ ಬೋಗಿ ಅಂಟುವುದಿಲ್ಲ. ನಕಲು ಅಲ್ಲಿಗೇ ನಿಲ್ಲುತ್ತದೆ, ಸೋಂಕು ನೆಲೆಯೂರುವುದಿಲ್ಲ. ಇದಾಗಬೇಕಾದರೆ ವೈರಸ್ ಬರುವ ಹೊತ್ತಿಗೆ ಔಷಧಿ ಕಣದೊಳಗೆ ಕಾದು ಕೂತಿರಬೇಕು. ಡಬ್ಬಿಯಲ್ಲಿ ಕೂತಿದ್ದರೆ ಪ್ರಯೋಜನ ಇಲ್ಲ.

ಈ ಕೊನೆಯ ಮಾತನ್ನು ದೊಡ್ಡ ದೊಡ್ಡ ಅಧ್ಯಯನಗಳೇ ತೋರಿಸಿವೆ. 2010ರಲ್ಲಿ ಐಪ್ರೆಕ್ಸ್ ಅನ್ನೋ ಅಧ್ಯಯನದ ಫಲಿತಾಂಶ ಬಂತು. ಆರು ದೇಶಗಳ 2,499 ಜನ, ಗೇ ಪುರುಷರು ಮತ್ತು ಟ್ರಾನ್ಸ್ ಮಹಿಳೆಯರು. ಮಾತ್ರೆ ಕೊಟ್ಟ ಗುಂಪಿನಲ್ಲಿ ಸೋಂಕು ಶೇ 44ರಷ್ಟು ಕಡಿಮೆ ಆಗಿತ್ತು. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ರಕ್ತ ಪರೀಕ್ಷಿಸಿ, ನಿಜವಾಗಿ ಮಾತ್ರೆ ನುಂಗಿದವರನ್ನು ಮಾತ್ರ ಲೆಕ್ಕ ಹಾಕಿದಾಗ ರಕ್ಷಣೆ ಶೇ 90 ದಾಟಿತು. ತಪ್ಪದೆ ತೆಗೆದುಕೊಂಡರೆ ಸೆಕ್ಸ್‌ನಿಂದ ಎಚ್‌ಐವಿ ಬರುವ ಸಾಧ್ಯತೆ ಸುಮಾರು ಶೇ 99ರಷ್ಟು ಕಡಿಮೆ ಅಂತ ಈಗ ಹೇಳುತ್ತಾರೆ. ಇನ್ನೊಂದು ಕಡೆ, ಆಫ್ರಿಕಾದ ವಾಯ್ಸ್ ಅನ್ನೋ ಅಧ್ಯಯನದಲ್ಲಿ ಮಹಿಳೆಯರು ‘ದಿನಾ ತಗೋತಿದ್ದೇವೆ’ ಅಂದಿದ್ದರು. ರಕ್ತ ನೋಡಿದರೆ ಹೆಚ್ಚಿನವರಲ್ಲಿ ಔಷಧಿಯ ಸುಳಿವೇ ಇರಲಿಲ್ಲ, ಹಾಗಾಗಿ ರಕ್ಷಣೆಯೂ ಸಿಗಲಿಲ್ಲ. ಅವರನ್ನು ಸುಳ್ಳುಗಾರರು ಅಂತ ನಾನು ಅಂದುಕೊಳ್ಳುವುದಿಲ್ಲ. ಮನೆಯಲ್ಲಿ ಮಾತ್ರೆ ಕಂಡರೆ ಗಂಡ ಏನಂತಾನೆ, ನೆರೆಯವರು ಏನಂತಾರೆ ಅನ್ನೋ ಭಯ ಇದ್ದಲ್ಲಿ ಯಾರಾದರೂ ಅಷ್ಟೇ. ನಿಮ್ಮ ರೂಮ್‌ಮೇಟ್ ಚಿಂತೆಯೂ ಇದೇ ಜಾತಿಯದು.

ನಮ್ಮ ನಾಡಿನದೇ ಒಂದು ಉದಾಹರಣೆ ಹೇಳಬೇಕು. ಭಾರತದಲ್ಲಿ ಪ್ರೆಪ್ ಮೊದಲು ಪ್ರಯೋಗವಾಗಿ ಬಳಕೆಗೆ ಬಂದ ಜಾಗಗಳಲ್ಲಿ ಮೈಸೂರು ಒಂದು, ಕೋಲ್ಕತ್ತದಲ್ಲಿ ಲೈಂಗಿಕ ಕಾರ್ಯಕರ್ತೆಯರಿರುವ ಸೋನಾಗಾಛಿ ಇನ್ನೊಂದು. ಮೈಸೂರಿನಲ್ಲಿ ಅದನ್ನು ನಡೆಸಿದ್ದು ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿದ ಆಶೋದಯ ಸಮಿತಿ. ಆರು ನೂರಕ್ಕೂ ಹೆಚ್ಚು ಮಹಿಳೆಯರು ಒಂದು ವರ್ಷಕ್ಕಿಂತ ಜಾಸ್ತಿ ಕಾಲ ದಿನಾ ಮಾತ್ರೆ ತೆಗೆದುಕೊಂಡರು. ನಡುವೆ ಬಿಟ್ಟು ಹೋದವರು ಬೆರಳೆಣಿಕೆಯಷ್ಟು. ಒಬ್ಬರಿಗೂ ಸೋಂಕು ತಗುಲಲಿಲ್ಲ. ವಾಯ್ಸ್‌ನಲ್ಲಿ ಕೆಲಸ ಮಾಡದ ಟೆನೊಫೊವಿರ್ ಇಲ್ಲಿ ಹೇಗೆ ಮಾಡಿತು? ಇಲ್ಲಿ ಮಾತ್ರೆಯ ಬಗ್ಗೆ ಹೇಳಿದವರು, ನೆನಪಿಸಿದವರು, ತಲೆಸುತ್ತು ಬಂದಾಗ ‘ಎರಡು ವಾರ ತಡಿ, ಹೋಗುತ್ತೆ’ ಅಂದವರು ಎಲ್ಲರೂ ಅದೇ ಕೆಲಸದಲ್ಲಿದ್ದ ಗೆಳತಿಯರು. ನಾಚಿಕೆ ಪಡಬೇಕಾದ ಅಗತ್ಯವೇ ಅಲ್ಲಿರಲಿಲ್ಲ. ಎಚ್‌ಐವಿ ತಡೆಯುವ ವಿಷಯದಲ್ಲಿ ಇಡೀ ದೇಶ ಮೈಸೂರಿನ ಈ ಹೆಣ್ಣುಮಕ್ಕಳಿಂದ ಕಲಿಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಾಗಿದ್ದರೆ ನಿಮಗ್ಯಾಕೆ ಗೊತ್ತಾಗಲಿಲ್ಲ? ತಪ್ಪು ನಿಮ್ಮದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಎಚ್‌ಐವಿ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಅನ್ನೋ ಪೂರ್ತಿ ಸರಿಯಾದ ತಿಳಿವಳಿಕೆ ಇದ್ದದ್ದು ದೇಶದ ಶೇ 30.7ರಷ್ಟು ಗಂಡಸರಿಗೆ, ಶೇ 21.6ರಷ್ಟು ಹೆಂಗಸರಿಗೆ. ಮೂಲ ವಿಷಯವೇ ಇಷ್ಟು ಅಂದಮೇಲೆ ಮಾತ್ರೆಯ ಸುದ್ದಿ ಎಲ್ಲಿ ತಲುಪಬೇಕು? ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಎಚ್‌ಐವಿ ತಡೆಯ ಕೆಲಸ ವರ್ಷಗಳ ಕಾಲ ನಡೆದದ್ದು ಗುರುತಿಸಬಹುದಾದ ಜಾಗಗಳಲ್ಲಿ: ಬಸ್ ಸ್ಟ್ಯಾಂಡು, ಪಾರ್ಕು, ಲಾಡ್ಜು, ಲಾರಿ ನಿಲ್ದಾಣ. ಅಲ್ಲಿಗೆ ಸಂಘದ ಕಾರ್ಯಕರ್ತರು ಹೋಗಿ ಕಾಂಡೋಮ್ ಕೊಟ್ಟು ಮಾತಾಡುತ್ತಿದ್ದರು. ಅದರಿಂದ ಕರ್ನಾಟಕದಲ್ಲಿ ಹೊಸ ಸೋಂಕು ನಿಜವಾಗಲೂ ಇಳಿಯಿತು. ಆದರೆ ನಿಮ್ಮ ವಯಸ್ಸಿನವರು ಭೇಟಿಯಾಗುವುದು ಫೋನಿನಲ್ಲಿ. ಆ ಕಾರ್ಯಕರ್ತರ ಕಣ್ಣಿಗೆ ನೀವು ಬೀಳುವುದೇ ಇಲ್ಲ. ಕಾಲೇಜಿನಲ್ಲಿ ಡಿಸೆಂಬರ್ 1ಕ್ಕೆ ಕೆಂಪು ರಿಬ್ಬನ್ ಹಾಕಿ ಜಾಥಾ ಮಾಡುತ್ತಾರೆ, ಗೇ ಹುಡುಗನ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಕೇಳಿದರೆ ಗುಟ್ಟು ಹೊರಗೆ ಬೀಳುತ್ತದೆ, ಅದಕ್ಕೇ ಯಾರೂ ಕೇಳುವುದಿಲ್ಲ.

ಇನ್ನು ಪರೀಕ್ಷೆಯ ಮಾತಿಗೆ ಬರುತ್ತೇನೆ. ಎಚ್‌ಐವಿ ಚಿಕಿತ್ಸೆಗೆ ಸಾಮಾನ್ಯವಾಗಿ ಮೂರು ಔಷಧಿ ಬೇಕು. ಪ್ರೆಪ್‌ನಲ್ಲಿ ಇರುವುದು ಎರಡೇ. ಗೊತ್ತಿಲ್ಲದೆ ಸೋಂಕು ಇರುವವರು ಇದನ್ನು ನುಂಗುತ್ತಾ ಹೋದರೆ ವೈರಸ್ ಆ ಔಷಧಿಗಳಿಗೆ ಒಗ್ಗಿಕೊಳ್ಳಬಹುದು. ಆಮೇಲೆ ಚಿಕಿತ್ಸೆಯ ಹೊತ್ತಿಗೆ ತೊಂದರೆ. ಅದಕ್ಕೇ ಸ್ನೇಹಿತರ ಡಬ್ಬಿಯಿಂದ ಎರಡು ಮಾತ್ರೆ ಇಸ್ಕೊಂಡು ಶುರು ಮಾಡುವುದು ಬೇಡವೇ ಬೇಡ. ಜೊತೆಗೆ, ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಗೊತ್ತಾಗದೆ ಹೋಗಬಹುದು. ಹೋದ ತಿಂಗಳು ಕಾಂಡೋಮ್ ಇಲ್ಲದೆ ಸೆಕ್ಸ್ ಆಗಿ, ಈಗ ಜ್ವರ, ಗಂಟಲು ನೋವು, ಮೈಮೇಲೆ ಗುಳ್ಳೆ, ಕುತ್ತಿಗೆಯಲ್ಲಿ ಗಡ್ಡೆ ಬಂದಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಆಗ ಮಾತ್ರೆ ಶುರು ಮಾಡುವುದನ್ನು ಕೆಲವು ವಾರ ಮುಂದೂಡಿ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಅಪಾಯ ಈಗಾಗಲೇ ಆಗಿ ಹೋಗಿದ್ದರೆ, ಅಂದರೆ ನಿನ್ನೆ ರಾತ್ರಿ ಕಾಂಡೋಮ್ ಹರಿದಿತ್ತು ಅಂದರೆ, ಅದಕ್ಕೆ ಪ್ರೆಪ್ ಅಲ್ಲ, ಪೆಪ್. ಅದು ಬೇರೆ ಮಾತ್ರೆ, ಮೂರು ಔಷಧಿ ಸೇರಿದ್ದು, 28 ದಿನ. 72 ಗಂಟೆಯೊಳಗೆ ಶುರು ಆಗಲೇಬೇಕು. ಎಷ್ಟು ಬೇಗ ಅಷ್ಟು ಒಳ್ಳೆಯದು, ಸೋಮವಾರ ಓಪಿಡಿ ತೆಗೆಯಲಿ ಅಂತ ಕಾಯಬೇಡಿ.

ಎಚ್‌ಐವಿ ಜೊತೆಗೆ ಮೊದಲ ದಿನವೇ ಹೆಪಟೈಟಿಸ್ ಬಿ, ಸಿಫಿಲಿಸ್, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ನೋಡುತ್ತಾರೆ. ಹೆಪಟೈಟಿಸ್ ಬಿ ಇದ್ದವರಲ್ಲಿ ಈ ಮಾತ್ರೆ ಆ ವೈರಸ್ಸನ್ನೂ ಅದುಮಿಡುತ್ತದೆ. ದಿಢೀರನೆ ನಿಲ್ಲಿಸಿದರೆ ಲಿವರ್ ಕೆರಳಬಹುದು, ಅದಕ್ಕೇ ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ಅದರ ಲಸಿಕೆ ಹಾಕಿಸಿಕೊಳ್ಳಿ.

ಕಿಡ್ನಿ ಹಾಳಾಗುತ್ತದಾ? ನಿಮ್ಮ ವಯಸ್ಸಿನಲ್ಲಿ, ಶುಗರ್ ಬಿಪಿ ಇಲ್ಲದಿದ್ದರೆ, ಸಾಧ್ಯತೆ ಬಹಳ ಕಡಿಮೆ. ಟೆನೊಫೊವಿರ್ ಕೆಲವರಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿಸುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಜಿಮ್‌ಗೆ ಹೋಗಿ ಕ್ರಿಯಾಟಿನ್ ಪುಡಿ ಕುಡಿಯುವವರಾದರೆ ಡಾಕ್ಟರಿಗೆ ಹೇಳಿ, ಅದರಿಂದಲೂ ರಿಪೋರ್ಟಿನಲ್ಲಿ ಅಂಕಿ ಏರುತ್ತದೆ, ಸುಮ್ನೆ ಗಾಬರಿ. ಬೆನ್ನುನೋವಿಗೆ ಅಂತ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ದಿನಾ ನುಂಗುವ ಅಭ್ಯಾಸ ಇದ್ದರೆ ಅದನ್ನು ಬಿಡಬೇಕು. ಮೊದಲ ಎರಡು ಮೂರು ವಾರ ವಾಕರಿಕೆ, ಹೊಟ್ಟೆ ಉಬ್ಬರ, ತಲೆನೋವು ಬರಬಹುದು. ರಾತ್ರಿ ಊಟದ ಜೊತೆ ತೆಗೆದುಕೊಂಡರೆ ಹೆಚ್ಚಿನವರಿಗೆ ಸರಿಹೋಗುತ್ತದೆ.

ತಗೊಳ್ಳುವ ಕ್ರಮ ಎರಡು ಥರ. ದಿನಕ್ಕೊಂದು ಮಾತ್ರೆ ಒಂದು ಕ್ರಮ. ಇನ್ನೊಂದು, ಬೇಕಾದಾಗ ಮಾತ್ರ. ಹಾರ್ಮೋನ್ ಚಿಕಿತ್ಸೆ ತೆಗೆದುಕೊಳ್ಳದ, ಹುಟ್ಟಿನಿಂದ ಗಂಡು ದೇಹ ಇರುವವರಿಗೆ ಈ ಎರಡನೆಯದೂ ನಡೆಯುತ್ತದೆ. ಶನಿವಾರ ರಾತ್ರಿ ಹತ್ತಕ್ಕೆ ಭೇಟಿ ಅಂತಿಟ್ಟುಕೊಳ್ಳಿ. ಸಂಜೆ ಏಳಕ್ಕೆ ಎರಡು ಮಾತ್ರೆ ಒಟ್ಟಿಗೆ. ಭಾನುವಾರ ಸಂಜೆ ಏಳಕ್ಕೆ ಒಂದು. ಸೋಮವಾರ ಸಂಜೆ ಏಳಕ್ಕೆ ಒಂದು. ಭಾನುವಾರ ರಾತ್ರಿಯೂ ಸೆಕ್ಸ್ ಆಯಿತು ಅಂದರೆ ಮಂಗಳವಾರವೂ ಒಂದು. ಮೊದಲ ಎರಡು ಮಾತ್ರೆ ಸೆಕ್ಸ್‌ಗೆ ಕನಿಷ್ಠ 2 ಗಂಟೆ ಮುಂಚೆ ಹೊಟ್ಟೆಯಲ್ಲಿರಬೇಕು, 24 ಗಂಟೆಗಿಂತ ಹಳೆಯದಾಗಬಾರದು. ಫ್ರಾನ್ಸ್ ಮತ್ತು ಕೆನಡಾದಲ್ಲಿ ಈ ಕ್ರಮ ಪರೀಕ್ಷಿಸಿದಾಗ ಸೋಂಕು ಶೇ 86ರಷ್ಟು ಕಡಿಮೆಯಾಯಿತು. ಹೆಪಟೈಟಿಸ್ ಬಿ ಇದ್ದವರಿಗೆ ಇದು ಬೇಡ. ಹೆಣ್ಣುಮಕ್ಕಳಿಗೂ ಇದು ಸಾಲದು: ಅವರು ದಿನಾ ತೆಗೆದುಕೊಳ್ಳಬೇಕು, ಕನಿಷ್ಠ 7 ದಿನ ಆದಮೇಲೆ ನಂಬಬೇಕು. ಅಮೆರಿಕದಲ್ಲಿ ಮೂರು ವಾರ ಕಾಯಿರಿ ಅನ್ನುತ್ತಾರೆ.

ತಿಂಗಳಿಗೆ ಒಂದೆರಡು ಸಲ ಅಂತ ನೀವು ಬರೆದಿದ್ದೀರಿ. ಲೆಕ್ಕಕ್ಕೆ ಎರಡನೆಯ ಕ್ರಮ ಸಾಕು. ಆದರೆ ಆ್ಯಪ್‌ನಲ್ಲಿ ಮೆಸೇಜ್ ಬಂದು ಅರ್ಧ ಗಂಟೆಯಲ್ಲಿ ಹೊರಡುವ ಅಭ್ಯಾಸ ಇದ್ದರೆ ಆ 2 ಗಂಟೆ ಎಲ್ಲಿಂದ ಬರಬೇಕು? ಅಂಥವರಿಗೆ ನಾನು ದಿನಾ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಹಲ್ಲುಜ್ಜುವುದರ ಜೊತೆಗೋ ಊಟದ ಜೊತೆಗೋ ಅಂಟಿಸಿಕೊಂಡರೆ ಮರೆಯುವುದಿಲ್ಲ. ಒಂದು ದಿನ ಮರೆತರೆ ನೆನಪಾದಾಗ ನುಂಗಿ, ಅದಕ್ಕಾಗಿ ಮಾರನೆಯ ದಿನ ಡಬಲ್ ಮಾಡಬೇಡಿ.

ಇನ್ನು ಡಬ್ಬಿ. ಸಾಮಾನ್ಯವಾಗಿ 30 ಮಾತ್ರೆಯ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಣ್ಣ ಪೊಟ್ಟಣ, ಅಲ್ಲಾಡಿಸಿದರೆ ಗಲಗಲ ಸದ್ದು. ಲೇಬಲ್ಲಿನಲ್ಲಿರುವ ಹೆಸರನ್ನು ರೂಮ್‌ಮೇಟ್ ಗೂಗಲ್ ಮಾಡಿದರೆ ‘ಎಚ್‌ಐವಿ ಔಷಧಿ’ ಅಂತಲೇ ಬರುತ್ತದೆ. ಆದ್ದರಿಂದ ನಿಮ್ಮ ಚಿಂತೆಯನ್ನು ನಾನು ತಳ್ಳಿಹಾಕುವುದಿಲ್ಲ. ವಾರಕ್ಕಾಗುವಷ್ಟನ್ನು ಏಳು ಖಾನೆಯ ಮಾತ್ರೆ ಡಬ್ಬಿಗೆ ಹಾಕಿಟ್ಟುಕೊಳ್ಳಿ, ವಿಟಮಿನ್ ಮಾತ್ರೆ ಹಾಕಿಡಲು ಮೆಡಿಕಲ್ ಶಾಪಿನಲ್ಲಿ ಸಿಗುವಂಥದ್ದೇ. ದೊಡ್ಡ ಡಬ್ಬಿ ಆ ಪೊಟ್ಟಣದ ಸಮೇತ ಬೀಗ ಹಾಕಿದ ಕಪಾಟಿನಲ್ಲಿರಲಿ, ಬಾತ್‌ರೂಮಿನ ತೇವದಲ್ಲಿ ಬೇಡ. ಪರೀಕ್ಷೆಯ ಗುಟ್ಟಿನ ಬಗ್ಗೆಯೂ ಧೈರ್ಯ ಇರಲಿ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಕಂಪನಿಗೋ ಮನೆಗೋ ಹೇಳುವಂತಿಲ್ಲ. ನೀವು ಗೇ ಅನ್ನುವುದೂ ಅಪರಾಧ ಅಲ್ಲ, ಅದೇ ತಿಂಗಳು ಸುಪ್ರೀಂ ಕೋರ್ಟ್ ಅದನ್ನೂ ಇತ್ಯರ್ಥ ಮಾಡಿದೆ.

ಬೆಲೆ ಕಂಪನಿಯಿಂದ ಕಂಪನಿಗೆ ಬೇರೆ, ತಿಂಗಳ ಡಬ್ಬಿಗೆ ಸುಮಾರು ಎರಡು ಸಾವಿರ ರೂಪಾಯಿ ಆಸುಪಾಸು. ಪಿಜಿ ಬಾಡಿಗೆ ಕಟ್ಟಿ ಊರಿಗೂ ದುಡ್ಡು ಕಳಿಸುವವರಿಗೆ ಇದು ಸಣ್ಣ ಮೊತ್ತ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಸೋಂಕಿದ್ದರೆ ಚಿಕಿತ್ಸೆ ಉಚಿತ, ಕಾಂಡೋಮ್ ಉಚಿತ. ಪ್ರೆಪ್ ಮಾತ್ರ ಹಾಗೆ ಎಲ್ಲ ಕಡೆ ಕೈಗೆ ಸಿಗುವುದಿಲ್ಲ. ಲಂಡನ್ನಿಗೆ ಓದಲು ಹೋದ ನಮ್ಮೂರ ಹುಡುಗನಿಗೆ ಅಲ್ಲಿನ ಸಾರ್ವಜನಿಕ ಕ್ಲಿನಿಕ್‌ನಲ್ಲಿ ಬಿಟ್ಟಿಯಾಗಿ ಸಿಗುವ ಮಾತ್ರೆ, ಜಗತ್ತಿಗೇ ಈ ಔಷಧಿ ಕಳಿಸುವ ನಮ್ಮ ದೇಶದ ಹುಡುಗನಿಗೆ ಸಿಗದಿರುವುದು ನ್ಯಾಯ ಅಲ್ಲ. ಇದು ಬದಲಾಗಬೇಕು.

ಶುರು ಮಾಡಿದ ಒಂದು ತಿಂಗಳಿಗೆ, ಆಮೇಲೆ ಮೂರು ಮೂರು ತಿಂಗಳಿಗೆ ಎಚ್‌ಐವಿ ಪರೀಕ್ಷೆ ತಪ್ಪಿಸಬೇಡಿ. ಅಮೆರಿಕದಲ್ಲಿ 15ರಿಂದ 17 ವರ್ಷದ ಹುಡುಗರಿಗೆ ಪ್ರೆಪ್ ಕೊಟ್ಟು ನೋಡಿದಾಗ, ತಿಂಗಳಿಗೊಮ್ಮೆ ಕರೆದಷ್ಟು ಕಾಲ ಮಾತ್ರೆ ಚೆನ್ನಾಗಿ ತೆಗೆದುಕೊಂಡರು, ಮೂರು ತಿಂಗಳಿಗೊಮ್ಮೆ ಮಾಡಿದ ಕೂಡಲೇ ಬಿಡಲು ಶುರು ಮಾಡಿದರು. ನಡುವೆ ಯಾರಾದರೂ ವಿಚಾರಿಸುತ್ತಿದ್ದರೆ ಅನುಕೂಲ. ನಿಮಗೆ ಪ್ರೆಪ್ ಬಗ್ಗೆ ಹೇಳಿದ ಆ ಪರಿಚಯದವರನ್ನೇ ಕೇಳಿಕೊಳ್ಳಬಹುದು.

ಅವರು ಹೇಳಿದ ‘ಭಯ ಇಲ್ಲ’ ಅನ್ನೋ ಮಾತಿಗೆ ಒಂದು ತಿದ್ದುಪಡಿ. ಪ್ರೆಪ್ ತಡೆಯುವುದು ಎಚ್‌ಐವಿಯನ್ನು ಮಾತ್ರ. ಸಿಫಿಲಿಸ್, ಗೊನೊರಿಯಾ, ಕ್ಲಮೀಡಿಯಾ ಅದರ ಪಾಡಿಗೆ ಬರುತ್ತವೆ, ಹೆಣ್ಣುಮಕ್ಕಳು ಗರ್ಭಿಣಿಯೂ ಆಗಬಹುದು. ಕಾಂಡೋಮ್ ಜೇಬಿನಲ್ಲಿರಲಿ. ಇನ್ನೊಂದು ಮಾತು: ಎಚ್‌ಐವಿ ಇದ್ದು, ಚಿಕಿತ್ಸೆಯಲ್ಲಿದ್ದು, ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದಿರುವವರಿಂದ ಸೆಕ್ಸ್ ಮೂಲಕ ಸೋಂಕು ಹರಡುವುದಿಲ್ಲ. ಅವರಿಗೆ ಹೆದರಿ ದೂರ ಹೋಗುವ ಅಗತ್ಯ ಇಲ್ಲ.

ದಿನಾ ಮಾತ್ರೆ ಆಗದವರಿಗೆ ಇಂಜೆಕ್ಷನ್ ಬಂದಿದೆ. ಲೆನಕಾಪವಿರ್ ಅಂತ, ಆರು ತಿಂಗಳಿಗೊಮ್ಮೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ 16ರಿಂದ 25 ವರ್ಷದ ಹೆಣ್ಣುಮಕ್ಕಳಲ್ಲಿ 2,134 ಮಂದಿಗೆ ಕೊಟ್ಟು ನೋಡಿದರು. 2024ರಲ್ಲಿ ಫಲಿತಾಂಶ ಬಂದಾಗ ಅವರಲ್ಲಿ ಸೋಂಕು ಸೊನ್ನೆ. ಅದೇ ಅಧ್ಯಯನದಲ್ಲಿ ಮಾತ್ರೆ ಪಡೆದ ಹುಡುಗಿಯರಲ್ಲಿ ಹೆಚ್ಚಿನವರು ಅದನ್ನು ಸರಿಯಾಗಿ ನುಂಗಲಿಲ್ಲ, ಸೋಂಕೂ ತಗುಲಿತು. ವಿಶ್ವ ಆರೋಗ್ಯ ಸಂಸ್ಥೆ 2025ರ ಜುಲೈನಲ್ಲಿ ಈ ಇಂಜೆಕ್ಷನ್ನಿಗೆ ಶಿಫಾರಸು ಮಾಡಿದೆ. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ವರ್ಷಕ್ಕೆ 40 ಡಾಲರ್, ಅಂದರೆ ಸುಮಾರು 3,500 ರೂಪಾಯಿ ಬೆಲೆಗೆ ಇದನ್ನು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಒದಗಿಸುವುದಾಗಿ ಹೇಳಿವೆ. ಕಪಾಟಿಗೆ ಬೀಗ ಹಾಕುವ ಗೋಜೇ ಇರುವುದಿಲ್ಲ. ಅದು ಬರಲಿ ಅಂತ ಕಾಯುತ್ತಾ ಮಾತ್ರೆ ಬಿಡಬೇಡಿ.

ಕೊನೆಗೆ ನಿಮ್ಮ ಗೆಳತಿ. ಅವರಿಗೂ ಖಂಡಿತ ಆಗುತ್ತದೆ. ಈಸ್ಟ್ರೋಜನ್ ತೆಗೆದುಕೊಳ್ಳುತ್ತಿದ್ದರೆ ದಿನಕ್ಕೊಂದು ಮಾತ್ರೆ ಕ್ರಮವೇ ಸರಿ, ಬೇಕಾದಾಗ ಮಾತ್ರ ಅನ್ನೋದು ಬೇಡ. ಮಾತ್ರೆಯಿಂದ ಹಾರ್ಮೋನ್ ಕೆಲಸ ಕೆಡುತ್ತದೆ ಅಂತ ಹೆದರಿ ಎಷ್ಟೋ ಜನ ಬಿಡುತ್ತಾರೆ, ಹಾಗೇನೂ ಆಗುವುದಿಲ್ಲ ಅಂತ ಅವರಿಗೆ ಹೇಳಿ. ಇಬ್ಬರೂ ಮೊದಲು 1097ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಉಚಿತ, ಹೆಸರು ಹೇಳಬೇಕಾಗಿಲ್ಲ. ಹತ್ತಿರದ ಐಸಿಟಿಸಿ ಪರೀಕ್ಷಾ ಕೇಂದ್ರ ಎಲ್ಲಿದೆ ಅಂತ ಕೇಳಿ. ಹುಬ್ಬಳ್ಳಿಯಲ್ಲಾದರೆ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲೇ ಇರುತ್ತದೆ. ಅಲ್ಲಿಯ ಕೌನ್ಸೆಲರ್ ಹತ್ತಿರ ‘ಪರೀಕ್ಷೆ ಆಗಬೇಕು, ಪ್ರೆಪ್ ಬರೆದುಕೊಡುವ ಡಾಕ್ಟರ್ ಯಾರಿದ್ದಾರೆ’ ಅಂತ ನೇರವಾಗಿ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ಡಾಕ್ಟರನ್ನು ಕೇಳಿ, ಅವರಿಗೆ ಈ ಔಷಧಿಗಳ ಕೈರೂಢಿ ಇರುತ್ತದೆ. ರಿಪೋರ್ಟ್ ನೆಗೆಟಿವ್ ಬಂದ ದಿನವೇ ಮಾತ್ರೆ ಶುರು ಮಾಡಬಹುದು. ಕ್ರಿಯಾಟಿನಿನ್ ರಿಪೋರ್ಟಿಗಾಗಿ ನಿಮ್ಮ ವಯಸ್ಸಿನ ಆರೋಗ್ಯವಂತರು ಕಾಯಬೇಕಾಗಿಲ್ಲ.